ಎಸ್ಪ್ರೆಸೊ ಮಿಷನ್ನಿನ ಹೊಟ್ಟೆಗೆ ಗಿರಣಿ ಸೇರಿದ ಕಥೆ (ಮೆಲ್ಬರ್ನ್ ಕಂತು – 14)

ಈ ಸಲದ ಕಂತು ತಡವಾಯ್ತು. ಸತತ ನಾಲ್ಕು ನೈಟ್ ಶಿಫ್ಟ್ ಮುಗಿಸಿ ಈಗ ಕೂತಿದ್ದೇನೆ.

ಹೋದ ವಾರ ತಮ್ಮ ವಾಟ್ಸಾಪಿನಲ್ಲಿ ಮೂರು ಫೋಟೋ ಕಳಿಸಿದ್ದ. "ಅಕ್ಕ, ಹೋಂಸ್ಟೇಗೆ ಎಸ್ಪ್ರೆಸೊ ಮಿಷನ್ ತಗೊಳ್ತಿದೀನಿ. ಗ್ರೈಂಡರ್ ಒಳಗೇ ಇರೋದು. ಮೂರರಲ್ಲಿ ಯಾವುದು ಹೇಳು, ನಾಳೆ ದುಡ್ಡು ಕಟ್ತೀನಿ." ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮಲಗಬಹುದಿತ್ತು. ಆಮೇಲೆ ಅಮ್ಮ ಫೋನ್ ಮಾಡಿ, ಈ ವರ್ಷದ ಮೆಣಸಿನ ದುಡ್ಡು ಪೂರ್ತಿ ಅದಕ್ಕೇ ಹೋಗುತ್ತಂತೆ, ನಿನ್ನ ಮಾತಾದರೆ ಕೇಳ್ತಾನೆ ಅಂದರು. ಮೆಣಸು ಕುಯ್ಯಲು ಏಣಿ ಹತ್ತಿದವರ ನೆನಪು ನನಗೂ ಇದೆ. ಅದಕ್ಕೇ "ತಮ್ಮಾ, ಒಂದು ವಾರ ತಡಿ" ಅಂದೆ. ಆ ಒಂದು ವಾರದಲ್ಲಿ ಓದಿದ್ದು, ಇಲ್ಲಿ ಐದು ವರ್ಷದಿಂದ ಅಂಥದ್ದೇ ಒಂದು ಮಿಷನ್ ಇಟ್ಟುಕೊಂಡು ಕಲಿತಿದ್ದು, ಎರಡೂ ಸೇರಿಸಿ ಬರೀತಿದ್ದೇನೆ. ಉಳಿದವರಿಗೆ ಇದು ಬರೀ ಕಥೆ. ಅವನಿಗೆ ಮಾತ್ರ ಉತ್ತರ.

ಮೊದಲು ಎಸ್ಪ್ರೆಸೊ ಅಂದರೆ ಏನು ಅಂತ. ದೊಡ್ಡಮ್ಮ ಹೋದ ಸಲ ಕೇಳಿದ್ದರು, "ಅದು ನಮ್ಮ ಡಿಕಾಕ್ಷನ್ನೇ ಅಲ್ವೇನೇ?" ಅಂತ. ಅಲ್ಲ ದೊಡ್ಡಮ್ಮ. ನಮ್ಮ ಫಿಲ್ಟರ್ ಸಲೈನ್ ಬಾಟಲಿ ಇದ್ದ ಹಾಗೆ. ಮೇಲಿನ ನೀರು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುತ್ತೆ, ಅದಕ್ಕೆ ಯಾವ ಅವಸರವೂ ಇಲ್ಲ. ಎಸ್ಪ್ರೆಸೊ ಸಿರಿಂಜು. ಕಾಫಿಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಅದರೊಳಗೆ ಬಿಸಿನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗಿಸುತ್ತಾರೆ. ನಮ್ಮ ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ ಬಾರ್ ಗಾಳಿ, ಅಂದಾಜಿಗೆ ಅಷ್ಟು ಸಾಕು. 18 ಗ್ರಾಂ ಪುಡಿ ಹಾಕಿದರೆ ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ 36 ಗ್ರಾಂ ರಸ, ಮೇಲೆ ಜೇನಿನ ಬಣ್ಣದ ನೊರೆ. ಆ ನೊರೆಗೆ ಇಟಲಿಯವರು ಕ್ರೆಮಾ ಅಂತಾರೆ.

ಈ 9 ಬಾರ್ ಸಿಗಲು ಇಟಲಿಯವರಿಗೆ ಅರವತ್ತು ವರ್ಷಕ್ಕೂ ಮೇಲೆ ಬೇಕಾಯ್ತು. ತಮ್ಮನ ಮೂರು ಫೋಟೋಗಳು ಆ ವಂಶದ ಮೂರು ಕವಲುಗಳು. ವಂಶ ತಿಳಿಯದೆ ಸಂಬಂಧ ಮಾಡಬಾರದು ಅಂತ ಅಜ್ಜಿ ಹೇಳ್ತಿದ್ದರು. ಮನುಷ್ಯರ ವಿಷಯದಲ್ಲಿ ಅಜ್ಜಿಯ ಮಾತು ನಾನು ಕೇಳಲಿಲ್ಲ, ಮಿಷನ್ ವಿಷಯದಲ್ಲಿ ಕೇಳ್ತೇನೆ.

1884ರಲ್ಲಿ ಟ್ಯೂರಿನ್ ಊರಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ಆಯ್ತು. ಅಲ್ಲಿ ಆಂಜೆಲೊ ಮೊರಿಯೊಂಡೊ ಅನ್ನುವ ಹೋಟೆಲ್ ಮಾಲೀಕ ಹಬೆಯಿಂದ ಕಾಫಿ ಇಳಿಸುವ ಒಂದು ಯಂತ್ರ ಇಟ್ಟಿದ್ದ. ಅದೇ ವರ್ಷ ಪೇಟೆಂಟ್ ಕೂಡ ಮಾಡಿಸಿದ. ಅದು ಲೋಟ ಲೋಟಕ್ಕೆ ಇಳಿಸುತ್ತಿರಲಿಲ್ಲ, ಒಟ್ಟಿಗೆ ಬಹಳ ಜನಕ್ಕಾಗುವಷ್ಟು ಮಾಡುತ್ತಿತ್ತು. ಅದನ್ನು ಅವನು ಮಾರಾಟಕ್ಕೆ ಬಿಡದೆ ತನ್ನ ಹೋಟೆಲುಗಳಲ್ಲೇ ಇಟ್ಟುಕೊಂಡ. ಹಾಗಾಗಿ ಹೆಸರು ಉಳಿಯಲಿಲ್ಲ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದು ಕಪ್ಪಿಗೆ ಬೇರೆಬೇರೆಯಾಗಿ ಪುಡಿ ಹಾಕಿ, ಹಿಡಿ ಇರುವ ಸಣ್ಣ ಬಟ್ಟಲನ್ನು ಮಿಷನ್ನಿಗೆ ತಿರುಗಿಸಿ ಸಿಕ್ಕಿಸುವ ಏರ್ಪಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಇವತ್ತು ಯಾವ ಕೆಫೆಗೆ ಹೋದರೂ ಆ ಹುಡುಗ ಹುಡುಗಿಯರು ಟಕ್ ಅಂತ ತಿರುಗಿಸುವುದು ಅದನ್ನೇ. ಆ ಪೇಟೆಂಟನ್ನು ದೆಸಿದೆರಿಯೊ ಪಾವೊನಿ ಕೊಂಡುಕೊಂಡ. 1906ರ ಮಿಲಾನ್ ಜಾಗತಿಕ ಮೇಳದಲ್ಲಿ ಇವರು ಮಾಡಿದ ಕಾಫಿಯನ್ನು ಊರವರೂ ಪರದೇಶದವರೂ ಕುಡಿದರು.

ಆದರೆ ಆ ಕಾಫಿ ಇವತ್ತಿನ ಎಸ್ಪ್ರೆಸೊ ಅಲ್ಲ. ಎತ್ತರದ ಹಿತ್ತಾಳೆ ಹಂಡೆ, ನೆತ್ತಿಯ ಮೇಲೆ ಹದ್ದಿನ ಗೊಂಬೆ, ನೋಡಲು ದೇವಸ್ಥಾನದ ಕಳಶ. ಒಳಗೆ ಮಾತ್ರ ಬರೀ ಹಬೆ, ಒತ್ತಡ ಒಂದೂವರೆ ಬಾರ್ ಆಸುಪಾಸು. ಹಬೆಯ ಒತ್ತಡ ಹೆಚ್ಚಿಸಬೇಕು ಅಂದರೆ ಬಿಸಿಯೂ ಹೆಚ್ಚಬೇಕು, ಬಿಸಿ ಹೆಚ್ಚಿದರೆ ಪುಡಿ ಸುಟ್ಟು ಕಹಿ. ಕುಕ್ಕರಿನಲ್ಲಿ ಡಿಕಾಕ್ಷನ್ ಕುದಿಸಿದರೆ ಹೇಗಿರುತ್ತೆ? ಬೇಗ ಸಿಗುತ್ತಿತ್ತು, ಅದೇ ಅದರ ಹೆಚ್ಚುಗಾರಿಕೆ.

1933ರಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿ ಅಲ್ಯೂಮಿನಿಯಮ್ಮಿನ ಮೋಕಾ ಪಾತ್ರೆ ತಂದ. ನನ್ನ ಜೊತೆ ಕೆಲಸ ಮಾಡುವ ಇಟಲಿ ಮೂಲದ ಹಿರಿಯ ನರ್ಸ್ ಒಬ್ಬರ ಮನೆಯಲ್ಲಿ ಮೂರು ಸೈಜಿನವು ಸಾಲಾಗಿ ಇವೆ, ನಮ್ಮ ಮನೆಯ ಫಿಲ್ಟರ್‌ಗಳ ಹಾಗೆ. ಈ ಮೋಕಾ ಪಾತ್ರೆ ನೆನಪಿಟ್ಟುಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೇನೆ. ಅದೇ ದಶಕದಲ್ಲಿ ಮುಸೊಲಿನಿಯ ಯುದ್ಧ, ದಿಗ್ಬಂಧನ, ಹೊರಗಿನ ಮಾಲು ಬೇಡ ಅನ್ನುವ ಹಟ. ಕಾಫಿ ಬೀಜ ಸಿಗದೆ ಅಲ್ಲಿನವರು ಹುರಿದ ಬಾರ್ಲಿ, ಚಿಕೋರಿ ಕುಡಿದರು. ಚಿಕೋರಿ ಅಂದ ಕೂಡಲೇ ನಮ್ಮ ಚಿಕ್ಕಪ್ಪ ಎದ್ದು ಕೂರ್ತಾರೆ ಅಂತ ಗೊತ್ತು. ಸ್ವಲ್ಪ ತಾಳಿ.

ಹಬೆಯನ್ನು ಬಿಟ್ಟವನು ಅಕಿಲ್ಲೆ ಗಾಜಿಯಾ. ಮಿಲಾನಿನಲ್ಲಿ ಬಾರ್ ಇಟ್ಟಿದ್ದವನು. 1938ರಲ್ಲೇ ಒಂದು ಪೇಟೆಂಟ್ ಪಡೆದ, ಅಷ್ಟರಲ್ಲಿ ಮಹಾಯುದ್ಧ ಬಂತು. ಯುದ್ಧ ಮುಗಿದ ಮೇಲೆ ಸ್ಪ್ರಿಂಗ್ ಇರುವ ಪಿಸ್ಟನ್, ಅದನ್ನು ಎಳೆಯಲು ಉದ್ದನೆಯ ಹಿಡಿ ಇಟ್ಟು ಮಿಷನ್ ಮಾಡಿದ. 1948ರಲ್ಲಿ ಕಂಪನಿಯೇ ಶುರುವಾಯ್ತು. ಹಿಡಿಯನ್ನು ಕೆಳಗೆ ಎಳೆದರೆ ಸ್ಪ್ರಿಂಗ್ ಅದುಮಿಕೊಂಡು ಬಿಸಿನೀರು ಒಳಗೆ ಬರುತ್ತೆ. ಬಿಟ್ಟರೆ ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳುತ್ತೆ. ನಾವು ದಿನಕ್ಕೆ ನೂರು ಸಲ ಮಾಡುವ ಸಿರಿಂಜಿನ ಕೆಲಸವೇ. ಒತ್ತಡ ಒಂದೂವರೆಯಿಂದ ಎಂಟೊಂಬತ್ತಕ್ಕೆ ಏರಿತು, ನೀರು ಕುದಿಯುವ ಅಗತ್ಯವೂ ಇಲ್ಲ. ಮೊದಲ ಸಲ ಕಪ್ಪಿನ ಮೇಲೆ ನೊರೆ ಕಟ್ಟಿತು. ಇದೇನಿದು ಮೇಲೆ ತೇಲುತ್ತಿರೋದು ಅಂತ ಗಿರಾಕಿಗಳು ಅನುಮಾನ ಪಟ್ಟರಂತೆ. ಅದು ಕಾಫಿಯದ್ದೇ ಕೆನೆ ಅಂತ ಹೆಸರಿಟ್ಟು ಮಾರಿದ, ಆಮೇಲೆ ನೊರೆ ಇಲ್ಲದಿದ್ದರೆ ಗಿರಾಕಿಗಳೇ ಜಗಳ ತೆಗೆಯುವ ಕಾಲ ಬಂತು.

1961ರಲ್ಲಿ ಫಾಯೆಮಾ ಕಂಪನಿಯ ಎರ್ನೆಸ್ತೊ ವಾಲೆಂತೆ ತೋಳಿನ ಬಲದ ಬದಲು ಕರೆಂಟಿನ ಪಂಪ್ ಕೂರಿಸಿದ. ಆ ಫೆಬ್ರವರಿಯಲ್ಲಿ ಇಟಲಿಯ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಗಿತ್ತು, ಅದಕ್ಕೇ ಮಿಷನ್ನಿಗೆ ಇ61 ಅಂತ ಹೆಸರು. ಗ್ರಹಣದಲ್ಲಿ ನಾವು ಒಲೆಯನ್ನೇ ಹಚ್ಚಲ್ಲ, ಅವರು ಕಾಫಿ ಮಿಷನ್ನಿಗೆ ಅದರ ಹೆಸರಿಟ್ಟರು. ಇರಲಿ. ಅಲ್ಲಿಗೆ ಒತ್ತಡದ ತಾಪತ್ರಯ ಮುಗಿಯಿತು.

ತಮ್ಮಾ, ಇಲ್ಲಿ ನಿಲ್ಲು. ನಿನ್ನ ಮೂರನೆಯ ಫೋಟೋದಲ್ಲಿ ದಪ್ಪ ಅಕ್ಷರದಲ್ಲಿ "15 ಬಾರ್" ಅಂತ ಬರೆದಿದೆಯಲ್ಲ, ಅದಕ್ಕೆ ಮರುಳಾಗಬೇಡ. ಮನೆ ಮಿಷನ್ನಿನ ಸಣ್ಣ ಪಂಪು ಎದುರಿಗೆ ಪೂರ್ತಿ ತಡೆ ಇದ್ದಾಗ ಅಷ್ಟು ಒತ್ತಬಲ್ಲದು ಅಂತ ಅದರ ಅರ್ಥ. ಕಾಫಿಗೆ ಬೇಕಾಗುವುದು ಅದೇ 9. ಒತ್ತಡ ಇವತ್ತು ಅಗ್ಗದ ಮಿಷನ್ನಿಗೂ ಸಿಗುವ ವಸ್ತು. ಅಂದಹಾಗೆ ಅದರಲ್ಲಿ ಗ್ರೈಂಡರೇ ಇಲ್ಲ, ನೀನು ನೋಡಿಲ್ಲ.

ಈಗ ಗಿರಣಿಯ ಕಥೆ. ಸಾಮಾನ್ಯವಾಗಿ ಮಿಷನ್ನಿನ ಚರಿತ್ರೆ ಬರೆಯುವವರು ಇದನ್ನು ಎರಡು ಸಾಲಿನಲ್ಲಿ ಮುಗಿಸ್ತಾರೆ. ನನಗೆ ಅನ್ನಿಸಿದ್ದು, ಎಸ್ಪ್ರೆಸೊದಲ್ಲಿ ಮನೆಯವರು ಸೋತಿದ್ದೆಲ್ಲ ಗಿರಣಿಯ ಹತ್ತಿರವೇ.

ಫಿಲ್ಟರಿನಲ್ಲಿ ಪುಡಿ ಸ್ವಲ್ಪ ತರಿ ಆದರೆ ಏನಾಗುತ್ತೆ? ಡಿಕಾಕ್ಷನ್ ತೆಳ್ಳಗಾಗುತ್ತೆ, ನಾಳೆ ಒಂದು ಚಮಚ ಜಾಸ್ತಿ ಹಾಕ್ತೀವಿ. ಫಿಲ್ಟರು ಕ್ಷಮಿಸುತ್ತೆ. ಎಸ್ಪ್ರೆಸೊ ಕ್ಷಮಿಸಲ್ಲ. ಒಂಬತ್ತು ಬಾರಿನ ನೀರು ಗದ್ದೆ ಬದುವಿನಲ್ಲಿ ಏಡಿ ಕೊರೆದ ತೂತು ಹುಡುಕಿದ ಹಾಗೆ ಸಡಿಲ ಇರುವ ಕಡೆ ನುಗ್ಗುತ್ತೆ. ಪುಡಿ ಕೂದಲೆಳೆಯಷ್ಟು ತರಿಯಾದರೂ ಹತ್ತು ಸೆಕೆಂಡಿನಲ್ಲಿ ಹುಳಿ ನೀರು. ಕೂದಲೆಳೆಯಷ್ಟು ನುಣ್ಣಗಾದರೂ ತೊಟ್ಟು ತೊಟ್ಟು ಕಹಿ ಕಷಾಯ. ಅದೂ ಇವತ್ತು ಸರಿಯಾದ ಹದ ನಾಳೆ ಸರಿ ಇರಲ್ಲ. ಗಾಳಿಯ ತೇವ, ಬೀಜ ಹುರಿದು ಎಷ್ಟು ದಿನ ಆಯ್ತು, ಎಲ್ಲದರ ಮೇಲೆ ಬದಲಾಗುತ್ತೆ. ಅದಕ್ಕೇ ಇಟಲಿಯ ಬಾರುಗಳಲ್ಲಿ ಮಿಷನ್ ಪಕ್ಕದಲ್ಲಿ ಒಂದು ಗಿರಣಿ ಇದ್ದೇ ಇರುತ್ತೆ. ಕೆಲಸದವನು ದಿನದಲ್ಲಿ ಎರಡು ಮೂರು ಸಲ ಅದರ ಕಿವಿ ಹಿಂಡ್ತಾನೆ. ಇನ್ನೊಂದು ವಿಷಯ, ನೊರೆ ಬರುವುದು ಹುರಿದ ಬೀಜದಲ್ಲಿ ಸಿಕ್ಕಿಕೊಂಡಿರುವ ಇಂಗಾಲದ ಡೈಆಕ್ಸೈಡಿನಿಂದ. ಬೀಜ ಬೀಸಿದ ಕ್ಷಣದಿಂದ ಅದು ಹಾರಿಹೋಗುತ್ತೆ. ಬೀಸಿ ಡಬ್ಬಿಗೆ ಹಾಕಿಟ್ಟ ಪುಡಿಗೆ ಜೀವ ಕಡಿಮೆ.

ಬೀಸುವ ಯಂತ್ರ ಹೊಸದಲ್ಲ. ಇವತ್ತು ಕಾರು ಮಾಡುವ ಪೂಜೊ ಮನೆತನ 1840ರಲ್ಲೇ ಫ್ರಾನ್ಸಿನಲ್ಲಿ ಕೈಯಿಂದ ತಿರುಗಿಸುವ ಕಾಫಿ ಗಿರಣಿ ಮಾಡುತ್ತಿತ್ತು. ಆದರೆ ಇಟಲಿಯ ಮನೆಗಳಲ್ಲಿ ಎಸ್ಪ್ರೆಸೊ ಇರಲಿಲ್ಲ, ಮೋಕಾ ಪಾತ್ರೆ ಇತ್ತು. ಮೋಕಾ ನಮ್ಮ ಫಿಲ್ಟರಿನ ಹಾಗೆ ಕ್ಷಮಿಸುವ ಪಾತ್ರೆ. ಅಂಗಡಿಯ ಪುಡಿ ಅದಕ್ಕೆ ಸಾಕು. ಹಾಗಾಗಿ ಎಸ್ಪ್ರೆಸೊ ಮಿಷನ್ನು ಮನೆಗೆ ಬಂದಾಗ ಒಬ್ಬಂಟಿಯಾಗಿ ಬಂತು, ಗಿರಣಿ ಬಾರಿನಲ್ಲೇ ಉಳಿಯಿತು. 1952ರಲ್ಲಿ ಗಾಜಿಯಾದ ಜಿಲ್ಡಾ, 1961ರಲ್ಲಿ ಪಾವೊನಿಯ ಯೂರೊಪಿಕೊಲಾ, 1977ರಲ್ಲಿ ಗಾಜಿಯಾ ಬೇಬಿ. ಹೆಸರು ಮಾಡಿದ ಈ ಮೂರರಲ್ಲೂ ಗಿರಣಿ ಇಲ್ಲ. ಜನ ಮೋಕಾದ ಪುಡಿಯನ್ನೇ ಇದಕ್ಕೂ ಹಾಕಿದರು, ಸಪ್ಪೆ ಕಾಫಿ ಕುಡಿದು ಮಿಷನ್ನಿಗೆ ಬೈದರು.

ಎಂಬತ್ತರ ದಶಕದಲ್ಲಿ ಎರಡು ದಾರಿ ತೆರೆಯಿತು. 1981ರಲ್ಲಿ ಬೊಲೊನ್ಯಾ ಹತ್ತಿರದ ಗಾಜ್ಜೊ ಮೊಂತಾನೊ ಅನ್ನುವ ಬೆಟ್ಟದೂರಿನಲ್ಲಿ ಶುರುವಾದ ಸಾಯೆಕೊ 1985ರಲ್ಲಿ ಮನೆಗೆ ಪೂರ್ತಿ ಸ್ವಯಂಚಾಲಿತ ಮಿಷನ್ ತಂದಿತು. ಮೇಲೆ ಬೀಜ ಸುರಿದು ಗುಂಡಿ ಒತ್ತಿದರೆ ಒಳಗೇ ಬೀಸಿ, ಒಳಗೇ ಅದುಮಿ, ಕಾಫಿ ಇಳಿಸಿ, ಚರಟವನ್ನೂ ಒಳಗೇ ಉದುರಿಸಿಕೊಳ್ಳುತ್ತೆ. ಗಿರಣಿ ಮಿಷನ್ನಿನ ಹೊಟ್ಟೆ ಸೇರಿದ್ದು ಹೀಗೆ. ತಮ್ಮನ ಮೊದಲ ಫೋಟೋ ಈ ಕವಲಿನದು. ಮರುವರ್ಷವೇ ಸ್ವಿಟ್ಜರ್ಲೆಂಡಿನ ನೆಸ್ಪ್ರೆಸೊ ಉಲ್ಟಾ ದಾರಿ ಹಿಡಿಯಿತು. ಮನೆಯವರಿಗೆ ಬೀಸಲು ಬರಲ್ಲವಾ, ಬಿಡಿ, ಫ್ಯಾಕ್ಟರಿಯಲ್ಲೇ ಬೀಸಿ ಸಣ್ಣ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡ್ತೀವಿ ಅಂತ. ನಮ್ಮ ವಾರ್ಡಿನ ಸ್ಟಾಫ್ ರೂಮಿನಲ್ಲಿ ಇರುವುದೂ ಅಂಥ ಡಬ್ಬಿಯ ಮಿಷನ್ನೇ. ಬೆಳಗಿನ ಜಾವ ಮೂರು ಗಂಟೆಗೆ ಅದಕ್ಕೂ ಕೈ ಮುಗಿದಿದ್ದೇನೆ.

ಎರಡನೆಯ ಫೋಟೋದ ಕವಲು ಆಸ್ಟ್ರೇಲಿಯಾದ್ದು. ಮಹಾಯುದ್ಧದ ನಂತರ ಇಟಲಿಯಿಂದ ಸಾವಿರಾರು ಜನ ಇಲ್ಲಿಗೆ ಬಂದರು, 1951ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವೂ ಆಯ್ತು. 1954ರಲ್ಲಿ ಮೆಲ್ಬರ್ನಿನ ಬೂರ್ಕ್ ಸ್ಟ್ರೀಟಿನಲ್ಲಿ ತೆರೆದ ಪೆಲೆಗ್ರಿನಿ ಎಸ್ಪ್ರೆಸೊ ಬಾರ್ ಇವತ್ತಿಗೂ ಇದೆ. ನೀವು ಬಂದರೆ ಕರೆದುಕೊಂಡು ಹೋಗ್ತೇನೆ. ಟೀ ಕುಡಿಯುತ್ತಿದ್ದ ಊರು ಒಂದೆರಡು ತಲೆಮಾರಿನಲ್ಲಿ ಕಾಫಿಯ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಯ್ತು ಅಂದರೆ, 2008ರಲ್ಲಿ ಸ್ಟಾರ್‌ಬಕ್ಸ್ ಆಸ್ಟ್ರೇಲಿಯಾದ ತನ್ನ 84 ಅಂಗಡಿಗಳಲ್ಲಿ 61ನ್ನು ಮುಚ್ಚಿತು. ಇಂಥ ನಾಲಗೆಯವರಿಗೆ ಗುಂಡಿ ಒತ್ತಿದ ಕಾಫಿಯೂ ಸಾಲದು, ಡಬ್ಬಿಯದೂ ಸಾಲದು. 1932ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಬ್ರೆವಿಲ್ ಕಂಪನಿ 2010ರ ದಶಕದಲ್ಲಿ ಬರಿಸ್ಟಾ ಎಕ್ಸ್‌ಪ್ರೆಸ್ ಅನ್ನುವ ಮಿಷನ್ನಿನಿಂದ ಹೆಸರು ಮಾಡಿದ್ದು ಇಲ್ಲೇ. ಬ್ರಿಟನ್ನಿನಲ್ಲಿರುವ ನಮ್ಮೂರ ಹುಡುಗಿಯರೇ, ನಿಮ್ಮಲ್ಲಿ ಅದಕ್ಕೆ ಸೇಜ್ ಅಂತ ಹೆಸರು. ಬೀಸುವುದನ್ನು ಮಿಷನ್ ಮಾಡಲಿ, ಹದ ನೋಡುವುದು, ಅದುಮುವುದು, ಹಾಲು ನೊರೆ ಬರಿಸುವುದು ನಿಮ್ಮ ಕೈಯಲ್ಲೇ ಇರಲಿ ಅನ್ನುವ ನಡುದಾರಿ. ಬಾರಿನಲ್ಲಿ ಅಕ್ಕಪಕ್ಕ ಇದ್ದ ಗಿರಣಿಯನ್ನೂ ಮಿಷನ್ನನ್ನೂ ಒಂದೇ ಡಬ್ಬದಲ್ಲಿ ಕೂರಿಸಿದ್ದು. ಇಟಲಿಯ ಡಿಲಾಂಗಿ ಕೂಡ ಆಮೇಲೆ ಲಾ ಸ್ಪೆಷಲಿಸ್ಟಾ ಅಂತ ಅಂಥದ್ದೇ ತಂದಿತು.

ನಾನು ಕೊಂಡಿದ್ದು ಈ ನಡುದಾರಿಯದು, 2020ರ ಲಾಕ್‌ಡೌನಿನಲ್ಲಿ. ಯಾವ ಕಂಪನಿ ಅಂತ ಬರೆಯಲ್ಲ. ಮೊದಲ ವಾರ ಊರಿಂದ ತಂದಿದ್ದ ಫಿಲ್ಟರ್ ಪುಡಿಯನ್ನೇ ಹಾಕಿದೆ, ಚಿಕೋರಿ ಸೇರಿದ್ದು. ಚಿಕೋರಿ ನೀರು ಕುಡಿದು ಅಂಟಾಗಿ ತೂತು ಮುಚ್ಚಿತು, ಒಂದು ತೊಟ್ಟೂ ಇಳಿಯಲಿಲ್ಲ. ಚಿಕ್ಕಪ್ಪ, ಕೇಳಿಸ್ತಾ? ಆಮೇಲೆ ಬೀಜ ತಂದೆ. ಹನ್ನೊಂದು ಸೆಕೆಂಡಿನಲ್ಲಿ ಹುಳಿ ನೀರು. ಗಿರಣಿಯ ನಂಬರು ಒಂದೊಂದೇ ಇಳಿಸುತ್ತಾ ಹೋಗಿ, ಹತ್ತನೆಯ ದಿನ ಇಪ್ಪತ್ತೇಳು ಸೆಕೆಂಡ್ ಬಂದಾಗ ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ. ಆ ವರ್ಷ ಸಂತೋಷಪಡಲು ಹೆಚ್ಚೇನೂ ಇರಲಿಲ್ಲ.

ನಾಲ್ಕನೆಯ ವರ್ಷ ಗಿರಣಿ ಸಿಕ್ಕಿಕೊಂಡಿತು. ಮಿಷನ್ ಚೆನ್ನಾಗೇ ಇತ್ತು, ಕೆಟ್ಟಿದ್ದು ಗಿರಣಿ ಮಾತ್ರ. ಆದರೆ ಎರಡೂ ಒಂದೇ ಹೊಟ್ಟೆಯಲ್ಲಿ ಇರೋದರಿಂದ ಪೂರ್ತಿ ಮಿಷನ್ನನ್ನೇ ರಿಪೇರಿಗೆ ಕಳಿಸಿ ಮೂರು ವಾರ ಕಾದೆ. ಇದೇ ಊರಿನಲ್ಲಿ ಸರ್ವಿಸ್ ಸೆಂಟರ್ ಇದ್ದೂ ಮೂರು ವಾರ. ತಮ್ಮಾ, ಸಕಲೇಶಪುರದಿಂದ ಬೆಂಗಳೂರಿಗೆ ಎಷ್ಟು ದೂರ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಇನ್ನು ನಿನ್ನ ವಿಷಯಕ್ಕೇ ಬರ್ತೀನಿ. ಮೊದಲ ಫೋಟೋದ ಗುಂಡಿ ಮಿಷನ್ ಹೋಂಸ್ಟೇಗೆ ಸುಲಭ ನಿಜ, ಗೆಸ್ಟುಗಳೇ ಒತ್ತಿಕೊಳ್ಳಬಹುದು. ಆದರೆ ಒದ್ದೆ ಚರಟ ಒಳಗಿನ ಡಬ್ಬಿಯಲ್ಲೇ ಬೀಳುತ್ತೆ. ಜುಲೈ ತಿಂಗಳಲ್ಲಿ ನಮ್ಮನೆಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತೆ, ಎರಡು ದಿನ ಮರೆತರೆ ಅದರೊಳಗೆ ಏನು ಬೆಳೆದಿರುತ್ತೆ ಯೋಚನೆ ಮಾಡು. ಅಪ್ಪ ಕಪ್ಪಗೆ ಎಣ್ಣೆ ಬಿಡುವ ತನಕ ಹುರಿಯುವ ಬೀಜ ಅದರ ಗಿರಣಿಗೆ ಅಂಟಿಕೊಳ್ಳುತ್ತೆ. ಎರಡನೆಯದು ನನ್ನದರ ಹಾಗೆ. ಕಾಫಿ ಇಳಿಸಿ ಆಮೇಲೆ ಹಾಲು ಬಿಸಿ ಮಾಡಬೇಕು, ಎರಡೂ ಒಟ್ಟಿಗೆ ಆಗಲ್ಲ. ನನ್ನೊಬ್ಬಳಿಗೆ ಅದು ಲೆಕ್ಕಕ್ಕಿಲ್ಲ. ಬೆಳಗ್ಗೆ ಟ್ರೆಕ್ಕಿಂಗ್ ಹೊರಟ ಹತ್ತು ಜನಕ್ಕೆ ಅಮ್ಮ ಅದರ ಮುಂದೆ ನಿಂತು ಮಾಡುವುದನ್ನು ನೆನೆಸಿಕೊಂಡರೆ ನನಗೇ ಸುಸ್ತಾಗುತ್ತೆ. ಎರಡೂ ಮಿಷನ್ನಿಗೆ ಒಂದೂವರೆ ಸಾವಿರ ವಾಟಿನ ಮೇಲೆ ಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ನಿನ್ನ ಮನೆಯ ಯುಪಿಎಸ್ ಅದನ್ನು ಎಳೆಯಲ್ಲ.

ಬೀಜದ ವಿಷಯದಲ್ಲಿ ನಿನಗೆ ಯಾವ ಕೊರತೆಯೂ ಇಲ್ಲ. ಎಸ್ಪ್ರೆಸೊಗೆ ಇಟಲಿಯವರು ಅರೇಬಿಕಾ ಜೊತೆ ರೊಬಸ್ಟಾ ಬೆರೆಸ್ತಾರೆ. ರೊಬಸ್ಟಾದಿಂದ ನೊರೆ ದಟ್ಟ, ಬಾಯಿಗೆ ಗಟ್ಟಿ. ನಮ್ಮ ದೇಶದ ಕಾಫಿ ಕೊಳ್ಳುವವರಲ್ಲಿ ಇಟಲಿ ಎಷ್ಟೋ ವರ್ಷದಿಂದ ಮುಂದಿನ ಸಾಲಿನಲ್ಲಿದೆ. ಅಪ್ಪನ ಕಾಲದಲ್ಲಿ ಮನೆಖರ್ಚಿಗೆ ಇಟ್ಟುಕೊಂಡಿದ್ದು ಬಿಟ್ಟರೆ ಉಳಿದ ಬೀಜವೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗಬೇಕಿತ್ತು. 1996ರ ಹೊತ್ತಿಗೆ ಅದು ಪೂರ್ತಿ ಬಿಡುಗಡೆ ಆಯ್ತು. ಪೂಲಿಗೆ ಹಾಕಿದ ಬೀಜ ಯಾವ ದೇಶ ಸೇರಿತು ಅಂತ ಕಣದಲ್ಲಿ ಒಣಗಿಸಿದವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ತೋಟದ ಚೆರ್ರಿಯೂ ಯಾವುದೋ ಮಿಲಾನಿನ ಬಾರಿನಲ್ಲಿ ಗಾಜಿಯಾನ ಹಿಡಿಯ ಕೆಳಗೆ ಇಳಿದಿರಬಹುದು. ಅಪ್ಪ ಮಾತ್ರ ಎಪ್ಪತ್ತು ದಾಟಿದರೂ ಒಂದು ಎಸ್ಪ್ರೆಸೊ ಕುಡಿದಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ಈ ವರ್ಷ ಮೂರರಲ್ಲಿ ಯಾವುದೂ ಬೇಡ. ಒಳ್ಳೆಯ ಕರೆಂಟ್ ಗಿರಣಿ ಒಂದನ್ನು ಮಾತ್ರ ಬೇರೆಯಾಗಿ ತಗೋ, ಮೆಣಸಿನ ದುಡ್ಡಿನಲ್ಲಿ ಹೆಚ್ಚು ಪಾಲು ಉಳಿಯುತ್ತೆ. ಬ್ಲೇಡ್ ಇರುವ ಮಿಕ್ಸಿ ಥರದ್ದಲ್ಲ, ಹಲ್ಲಿನ ಚಕ್ರ ಇರುವುದು, ನುಣುಪನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸಲು ಆಗುವುದು. ಅಂಗಡಿಯಲ್ಲಿ ಕೇಳುವಾಗ "ಎಸ್ಪ್ರೆಸೊ ಹದಕ್ಕೆ ಬೀಸುತ್ತಾ" ಅಂತ ಬಾಯಿಬಿಟ್ಟು ಕೇಳು. ಈಗ ಅದರಲ್ಲಿ ನಮ್ಮ ಬೀಜ ಬೀಸಿ ಫಿಲ್ಟರಿಗೆ ಹಾಕು, ಚಿಕೋರಿಯನ್ನು ಗಿರಣಿಯ ಹತ್ತಿರವೂ ತರಬೇಡ, ಬೇಕಿದ್ದರೆ ಪುಡಿಗೆ ಆಮೇಲೆ ಬೆರೆಸು. ಒಂದು ಮಳೆಗಾಲ ಕಳೆಯಲಿ. ಆಮೇಲೂ ಎಸ್ಪ್ರೆಸೊ ಬೇಕೇ ಬೇಕು ಅನ್ನಿಸಿದರೆ ಗಿರಣಿ ಇಲ್ಲದ ಮಿಷನ್ ಪಕ್ಕಕ್ಕೆ ಇಡು, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತೆ. ಬೋರ್ ನೀರು ಮಾತ್ರ ಅದಕ್ಕೆ ಸುರಿಯಬೇಡ, ಹಂಡೆಯೊಳಗೆ ಸುಣ್ಣ ಕಟ್ಟುತ್ತೆ.

ಅಟ್ಟದ ಮೇಲಿರುವ ಅಜ್ಜಿಯ ಕೈ ಗಿರಣಿ ಆಗಲ್ವಾ ಅಂತ ಕೇಳಿದ್ದೆ. ಎಸ್ಪ್ರೆಸೊಗೆ ಆಗಲ್ಲ. ಅದರ ಹಲ್ಲು ಸವೆದು ಒಂದು ಕಾಳು ತರಿ, ಒಂದು ಕಾಳು ಹಿಟ್ಟು. ಫಿಲ್ಟರಿಗೆ ಆಗುತ್ತೆ. ಇಳಿಸಿ, ಒರೆಸಿ, ಊಟದ ಮನೆಯ ಮೇಜಿಗೆ ಬೋಲ್ಟ್ ಮಾಡಿಡು. ಗೆಸ್ಟುಗಳ ಮಕ್ಕಳು ತಿರುಗಿಸಲಿ.

ಡಿಸೆಂಬರಿನಲ್ಲಿ ನನಗೆ ನಾಲ್ಕು ವಾರ ರಜೆ ಸಿಕ್ಕಿದೆ. ಕೈಯಲ್ಲೇ ಒತ್ತುವ, ಕರೆಂಟು ಬೇಡದ ಒಂದು ಸಣ್ಣ ಎಸ್ಪ್ರೆಸೊ ಮಿಷನ್ ಇಲ್ಲಿ ಸ್ನೇಹಿತೆಯ ಹತ್ತಿರ ಇದೆ, ಸಾಲ ಕೇಳಿದ್ದೇನೆ. ಅಪ್ಪ ಅರ್ಧ ಕೆಜಿ ರೊಬಸ್ಟಾ ಹುರಿದಿಟ್ಟಿರಲಿ, ಈ ಒಂದು ಸಲ ಕಪ್ಪಗೆ ಮಾಡದೆ ಕಂದು ಬಣ್ಣಕ್ಕೇ ಇಳಿಸಲಿ. ಬಂದ ಮಾರನೆಯ ದಿನ ಮೊದಲ ಕಪ್ಪು ಅವರಿಗೆ.